ನಿಂತಲ್ಲೇ ಓಡಿದ ಗಾಡಿ

ಮುಸ್ತಫಾ ಶಾರ್ಜಾದಿಂದ ಫೋನ್ ಮಾಡುವುದು ಶುಕ್ರವಾರ ಮಧ್ಯಾಹ್ನ, ಉಂಡು ಒಂದು ನಿದ್ದೆ ತೆಗೆದ ಮೇಲೆ. ಆ ಹೊತ್ತಿಗೆ ಅವನ ದನಿ ಮೆತ್ತಗಿರುತ್ತದೆ. ಆ ಶುಕ್ರವಾರ ಮಾತ್ರ ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. ತಾಯಿ ಸಫಿಯಮ್ಮ ಸಲಾಮಿಗೆ ಉತ್ತರ ಕೊಡುವಷ್ಟರಲ್ಲಿ ಅವನು ಕೇಳಿಯಾಗಿತ್ತು:

“ಉಮ್ಮ, ಡೀಸೆಲ್ ಕುಡಿಯುದು ಗಾಡಿಯಾ, ಸಂಕಪ್ಪನಾ?”

ಗಾಡಿ ಎಂದರೆ ಎಂಟು ಸೀಟಿನದ್ದು. ಒಂದೂವರೆ ವರ್ಷದ ಹಿಂದೆ ಮುಸ್ತಫಾ ರಜೆಯಲ್ಲಿ ಬಂದಾಗ ಕೊಡಿಸಿದ್ದು. ಆಲಂಕಾರಿನಲ್ಲಿ ಅದಕ್ಕೆ ‘ಪೋಕರ್ ಸಾಹುಕಾರರ ದೊಡ್ಡ ಗಾಡಿ’ ಎಂದೇ ಹೆಸರು. ಓಡಿಸುವವನು ಸಂಕಪ್ಪ. ಮುಸ್ತಫಾನ ತಂದೆ ಪೋಕರ್ ಸಾಹುಕಾರರ ಅಡಿಕೆ ವ್ಯಾಪಾರಕ್ಕೆ ಹಳೆಯ ಜೀಪು ಇದ್ದ ಕಾಲದಿಂದ, ಹದಿನೆಂಟು ವರ್ಷಗಳಿಂದ, ಆ ಮನೆಯ ಸ್ಟೇರಿಂಗ್ ಅವನ ಕೈಯಲ್ಲೇ ಇದೆ. ಟ್ಯಾಂಕ್ ತುಂಬಿಸಿ ಬಂದಾಗೆಲ್ಲ ಸೊಸೆ ಫೌಝಿಯಾ ಬಿಲ್ಲು, ಮೀಟರು ಎರಡರ ಫೋಟೋ ತೆಗೆದು ಶಾರ್ಜಾಕ್ಕೆ ಕಳಿಸುತ್ತಿದ್ದಳು. ಮುಸ್ತಫಾ ಅಲ್ಲಿ ಕೂತು ಭಾಗಿಸಿ ನೋಡುತ್ತಿದ್ದ.

“ಲೀಟರಿಗೆ ಹದಿಮೂರು ಕೊಡ್ತಾ ಇದ್ದ ಗಾಡಿ ಉಮ್ಮ. ಈಗ ಎರಡು ತಿಂಗಳಿಂದ ಒಂಬತ್ತೂವರೆ. ಗ್ಯಾರೇಜಿನಲ್ಲಿ ತೋರಿಸಿ ಆಯ್ತು, ಎಂತದೂ ಇಲ್ಲ ಅಂದ್ರು. ಚಕ್ರದ ಗಾಳಿ ನೋಡಿ ಆಯ್ತು. ಪಂಪಿಗೆ ಒಬ್ಬನೇ ಹೋಗುದು ಯಾರು? ಸಂಕಪ್ಪ. ಮತ್ತೆ ನಾನು ಎಂತ ಅಂತ ತಿಳಿಯುದು?”

“ಹದಿನೆಂಟು ವರ್ಷದಿಂದ ಇದ್ದಾನೆ ಮಗ ಅವನು.”

“ಅದಕ್ಕೇ ಹೇಳುದು. ಹಳಬ ಅಂತ ಕಣ್ಣು ಮುಚ್ಚಿ ಕೂತರೆ ಹೀಗೇ ಆಗುದು. ನನ್ನ ದೋಸ್ತಿಯ ತಮ್ಮ ಶಾನವಾಝ್ ಕೆಲಸ ಇಲ್ಲದೆ ಇದ್ದಾನೆ. ಒಂದನೇ ತಾರೀಕಿನಿಂದ ಬರ್ಲಿಕ್ಕೆ ಹೇಳ್ತೇನೆ. ಉಪ್ಪನ ಹತ್ರ ಹೇಳಿ ಆಯ್ತು.”

ಪೋಕರ್ ಸಾಹುಕಾರರು ಜಗಲಿಯಲ್ಲಿ ಕೂತು ಪೇಪರ್ ಓದುವವರ ಹಾಗೆ ಮಾಡುತ್ತಿದ್ದರು. ಅಂಗಡಿಯಲ್ಲಿ ಅಡಿಕೆಯನ್ನು ಕೈಯಲ್ಲಿ ಹಿಡಿದು ಒಳಗಿನ ಹುಳ ಹೇಳುವ ಮನುಷ್ಯ, ಮನೆಯಲ್ಲಿ ಯಾರ ಮುಖಕ್ಕೂ ಒಂದು ಮಾತು ಹೇಳಲಾರದವರು.

“ಹೌದಾ? ನಿಮಗೂ ಹಾಗೇ ಕಾಣುದಾ?” ಎಂದು ಸಫಿಯಮ್ಮ ಕೇಳಿದರು.

“ನಂಗೆ ಎಂತ ಗೊತ್ತು. ಲೆಕ್ಕ ಹಾಗೆ ಹೇಳ್ತದೆ.”

“ಲೆಕ್ಕ ಡೀಸೆಲ್ ಹೋಯ್ತು ಅಂತ ಹೇಳ್ತದೆ. ಎಲ್ಲಿಗೆ ಹೋಯ್ತು ಅಂತ ಹೇಳ್ತದಾ?”

ಸಫಿಯಮ್ಮ ಓದಿದ್ದು ಐದನೇ ಕ್ಲಾಸು. ಆದರೆ ಒಂದು ವಸ್ತು ಕಾಣೆಯಾದರೆ ಅದು ಹೋದ ದಾರಿ ತಿಳಿಯದೆ ಅವರಿಗೆ ಅನ್ನ ಇಳಿಯುವುದಿಲ್ಲ. ಒಂದು ಸಲ ಡಬ್ಬಿಯ ಗೋಡಂಬಿ ದಿನಾ ಕಡಿಮೆಯಾಗುತ್ತಿದ್ದಾಗ ಎಲ್ಲರೂ ಕೆಲಸದವಳನ್ನು ನೋಡಿದ್ದರು. ಇವರು ಮೂರು ದಿನ ಕಾದು, ಇಲಿಯನ್ನು ಬಾಲ ಹಿಡಿದು ತೋರಿಸಿದ್ದರು. ಡೀಸೆಲ್ ಕದ್ದ ಎಂಬ ಹೆಸರು ಬಂದ ಡ್ರೈವರಿಗೆ ಕಡಬ, ಪುತ್ತೂರು, ಸುಳ್ಯ ಮೂರರಲ್ಲೂ ಯಾರೂ ಕೀ ಕೊಡುವುದಿಲ್ಲ. ಸಂಕಪ್ಪನಿಗೆ ನಲವತ್ತೆಂಟು ವರ್ಷ. ಬೇರೆ ಕೆಲಸ ಕಲಿಯುವ ಪ್ರಾಯ ಅಲ್ಲ.

“ಒಂದನೇ ತಾರೀಕಿಗೆ ಹತ್ತು ದಿನ ಉಂಟು. ಅಷ್ಟರವರೆಗೆ ಯಾರೂ ಬಾಯಿ ಬಿಡ್ಲಿಕ್ಕಿಲ್ಲ,” ಎಂದು ಮಗನಿಗೂ ಗಂಡನಿಗೂ ಒಟ್ಟಿಗೆ ಹೇಳಿ ಫೋನ್ ಇಟ್ಟರು.

ಮೊದಲು ಗಾಡಿಯ ಹಿಂದಿನ ಬಾಗಿಲು ತೆಗೆಸಿ ನೋಡಿದರು. ಅಲ್ಲಿ ಒಂದು ಸಂಸಾರಕ್ಕೆ ಬೇಕಾದಷ್ಟು ಸಾಮಾನು ಇತ್ತು. ಎರಡು ತಾಮ್ರದ ಚೆಂಬು, ಯಾರಿಗೋ ಕೊಡಲು ತಂದು ಮರೆತ ಅಕ್ಕಿಯ ಚೀಲ, ಮುರಿದ ಕೊಡೆ ಎರಡು, ಚಾಪೆ, ಕಳೆದ ವರ್ಷದ ಯಾರದೋ ಮದುವೆಯ ಉಡುಗೊರೆ ಗಡಿಯಾರ. ಎಲ್ಲ ಇಳಿಸಿದರು. ಗಡಿಯಾರವನ್ನು ಒಳಗಿಟ್ಟರು, ಇನ್ನೊಂದು ಮದುವೆಗೆ ಆಗುತ್ತದೆಂದು.

ಬುಧವಾರ ಪುತ್ತೂರಿಗೆ ಬಟ್ಟೆ ಅಂಗಡಿಗೆ ಹೋಗಲಿಕ್ಕಿತ್ತು. ಆರು ವಾರ ಕಳೆದರೆ ಮಗಳು ಅಮೀರಾಳ ಮದುವೆ. ಸಫಿಯಮ್ಮ ಎಂದೂ ಇಲ್ಲದ್ದು ಮುಂದಿನ ಸೀಟಿನಲ್ಲಿ ಹತ್ತಿ ಕೂತರು.

“ಎಂತ ಸಫಿಯಮ್ಮ, ಇವತ್ತು ಮುಂದೆ?” ಎಂದ ಸಂಕಪ್ಪ.

“ಹಿಂದೆ ಕೂತ್ರೆ ತಲೆ ತಿರುಗುದು ಮಾರಾಯ. ಪಂಪಿಗೆ ಬಿಡು. ಕುತ್ತಿಗೆವರೆಗೆ ತುಂಬಿಸು.”

ಪಂಪಿನ ಹುಡುಗ ಯತಿನ್ ಬಾಯಿವರೆಗೆ ಡೀಸೆಲ್ ತುಂಬಿಸಿದ. ಸಫಿಯಮ್ಮ ಇಳಿದು, ಬಗ್ಗಿ, ನಳಿಕೆಯ ತುದಿಯವರೆಗೆ ನೋಡಿ ಬಂದರು. ಪುತ್ತೂರಿನಲ್ಲಿ ಬಟ್ಟೆ ಅಂಗಡಿಯ ಎದುರೇ ಗಾಡಿ ನಿಂತಿತು. ಸಂಕಪ್ಪ ಎಂಜಿನ್ ಆರಿಸಿ, ಕೆಳಗಿಳಿದು ಮರದ ನೆರಳಿನಲ್ಲಿ ನಿಂತ. ತಿರುಗಿ ಬರುತ್ತಾ ಅದೇ ಪಂಪಿನಲ್ಲಿ ಮತ್ತೆ ಕುತ್ತಿಗೆವರೆಗೆ ತುಂಬಿಸಿದರು. ಅರುವತ್ತು ಕಿಲೋಮೀಟರಿಗೆ ನಾಲ್ಕು ಲೀಟರ್ ಆರುನೂರು ಮಿಲಿ ಹಿಡಿಯಿತು. ಫೌಝಿಯಾ ಫೋನಿನಲ್ಲಿ ಒತ್ತಿ ನೋಡಿ, “ಹದಿಮೂರು ಮಾಮಿ,” ಎಂದಳು.

ಸಫಿಯಮ್ಮನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಪೋಕರ್ ಸಾಹುಕಾರರು ಅದನ್ನೇ ಬಾಯಿ ಬಿಟ್ಟು ಹೇಳಿದರು: “ನೀನು ಪಕ್ಕದಲ್ಲಿ ಕೂತು ಕಾದಿ, ಹದಿಮೂರು ಕೊಟ್ಟಿತು. ಕಾಯದಿದ್ರೆ ಒಂಬತ್ತೂವರೆ. ಇನ್ನು ಎಂತ ನೋಡ್ಲಿಕ್ಕೆ ಉಂಟು ಸಫಿಯಾ?”

“ಶನಿವಾರ ಸುಳ್ಯದ ಕಡೆಗೆ ಮದುವೆ ಹೇಳ್ಲಿಕ್ಕೆ ಹೋಗುದುಂಟಲ್ಲ. ಅದೊಂದು ನೋಡ್ತೇನೆ,” ಎಂದರು ಸಫಿಯಮ್ಮ. ಆದರೆ ದನಿಯಲ್ಲಿ ಮೊದಲಿನ ಗಟ್ಟಿ ಇರಲಿಲ್ಲ.

ಮದುವೆ ಹೇಳುವುದು ಎಂದರೆ ಸಣ್ಣ ಕೆಲಸವಲ್ಲ. ಮದುವೆ ಕಾಗದ ಫೋನಿಗೆ ಕಳಿಸಿದರೆ ‘ನೀವು ಕರೆದದ್ದು ಫೋನನ್ನಾ, ಮನುಷ್ಯರನ್ನಾ?’ ಎಂದು ಕೇಳುವ ಜನ. ಮನೆಗೆ ಹೋಗಬೇಕು, ಕೂರಬೇಕು, ಕೊಟ್ಟದ್ದು ಕುಡಿಯಬೇಕು, ಆಮೇಲೆ ಹೇಳಬೇಕು. ಎರಡು ತಿಂಗಳಿಂದ ದೊಡ್ಡ ಗಾಡಿ ಈ ಮೂರು ತಾಲೂಕು ತಿರುಗುತ್ತಿದ್ದುದು ಅದಕ್ಕೇ.

ಶನಿವಾರ ಬೆಳಿಗ್ಗೆ ಮತ್ತೆ ಟ್ಯಾಂಕ್ ಕುತ್ತಿಗೆವರೆಗೆ ತುಂಬಿಸಿ ಹೊರಟರು. ಮುಂದೆ ಸಫಿಯಮ್ಮ, ನಡುವೆ ಸಾಹುಕಾರರು ಮತ್ತು ಫೌಝಿಯಾ. ಒಟ್ಟು ಏಳು ಮನೆ. ಸಫಿಯಮ್ಮನ ಹಟ ಒಂದೇ, ಗಾಡಿ ಕಣ್ಣಿನಿಂದ ಮರೆಯಾಗಬಾರದು. ಯಾವ ಮನೆಗೆ ಹೋದರೂ ಒಳಗೆ ಹೋಗದೆ ಜಗಲಿಯಲ್ಲೇ ಗಾಡಿಗೆ ಮುಖ ಮಾಡಿ ಕೂತರು. “ಒಳಗೆ ಫ್ಯಾನ್ ಉಂಟು, ಬನ್ನಿ,” ಎಂದರೆ, “ಇಲ್ಲೇ ಗಾಳಿ ಚಂದ,” ಎಂದರು. ಬೆಳ್ಳಾರೆಯ ಮನೆಯಲ್ಲಿ ಗಾಳಿ ಸುಳಿಯದೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಮನೆಯ ಹೆಂಗಸು ಸಫಿಯಮ್ಮನ ಹಣೆ ಮುಟ್ಟಿ ನೋಡಿ, “ಆರೋಗ್ಯ ಸರಿ ಉಂಟಲ್ಲಾ?” ಎಂದು ಫೌಝಿಯಾಳನ್ನು ಮೆಲ್ಲಗೆ ಕೇಳಿದಳು.

ಸಂಕಪ್ಪ ಎಲ್ಲಿಗೂ ಹೋಗಲಿಲ್ಲ. ಗಾಡಿ ಒರೆಸಿದ. ಕೊಟ್ಟ ಚಾ ಕುಡಿದ. ಯಾರೂ ಕ್ಯಾನು ಹಿಡಿದುಕೊಂಡು ಬರಲಿಲ್ಲ.

ನಾಲ್ಕನೆಯದು ಆಲೆಟ್ಟಿಯ ಸರ್ವೋತ್ತಮರ ಮನೆ. ಸಾಹುಕಾರರಿಗೆ ಮೂವತ್ತು ವರ್ಷ ಅಡಿಕೆ ಕೊಟ್ಟವರು. ಪಾನಕ ಕುಡಿದು, ಕಾಗದ ಕೊಟ್ಟು, ಹೇಳುವುದು ಹೇಳಿ, ಸಾಹುಕಾರರು ಎದ್ದು ನಿಂತರು: “ಹಾಗಾದ್ರೆ ಬರುದಾ ಧನಿ?”

ಅಂಗಳದಲ್ಲಿ ಆ ಮಾತು ಕೇಳಿದ್ದೇ ಸಂಕಪ್ಪ ಹತ್ತಿ ಕೂತು ಗಾಡಿ ಸ್ಟಾರ್ಟ್ ಮಾಡಿದ, ಏಸಿ ಹಾಕಿದ. ಗಾಡಿಗೆ ಕಾವಲು ಇದ್ದ ಸಫಿಯಮ್ಮ, ಎಲ್ಲರಿಗಿಂತ ಮೊದಲೇ ಹೋಗಿ ಹತ್ತಿದರು. ಬೇರೆ ದಿನವಾದರೆ ಅವರು ಮನೆಯ ಹೆಂಗಸರ ಜೊತೆ ಮೆಟ್ಟಿಲ ಮೇಲೆ ಇರುತ್ತಿದ್ದರು. ಅವತ್ತು ಮೊದಲ ಸಲ, ಹೊರಡುವ ತಮ್ಮ ಜನವನ್ನು ಗಾಡಿಯ ಒಳಗಿನಿಂದ ನೋಡಿದರು.

ಸಾಹುಕಾರರು ಹೊರಡಲಿಲ್ಲ. ಒಂದು ಕಾಲು ಮೆಟ್ಟಿಲಿನಲ್ಲಿ, ಒಂದು ಅಂಗಳದಲ್ಲಿ. ಸರ್ವೋತ್ತಮರು ಅಡಿಕೆಯ ಹಳದಿ ರೋಗದ ಸುದ್ದಿ ತೆಗೆದರು. ಇವರು ಅದಕ್ಕೆ ಮಡಿಕೇರಿ ಕಡೆಯ ಮದ್ದಿನ ಸುದ್ದಿ ಸೇರಿಸಿದರು. ಮೆಟ್ಟಿಲು ಇಳಿದರು. ಅಂಗಳದ ನಡುವೆ ಮತ್ತೆ ನಿಂತರು. ಸರ್ವೋತ್ತಮರ ಹೆಂಡತಿ ಚೆನ್ನಕ್ಕ ಫೌಝಿಯಾಳ ಕೈ ಹಿಡಿದುಕೊಂಡು ನಾದಿನಿಯ ಹೆರಿಗೆಯ ವಿಷಯಕ್ಕೆ ಬಂದಿದ್ದಳು.

ಏಸಿ ತಣ್ಣಗೆ ಬೀಸುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಸಫಿಯಮ್ಮ ಎದುರಿನ ಮೀಟರಿನ ಮುಳ್ಳುಗಳನ್ನು ನೋಡಿದರು. ಒಂದು ಸೊನ್ನೆಯಲ್ಲಿ ಮಲಗಿತ್ತು. ಇನ್ನೊಂದು ಒಂದರ ಹತ್ತಿರ ಎದ್ದು ನಿಂತು ನಡುಗುತ್ತಿತ್ತು.

“ಸಂಕಪ್ಪ, ಅದು ಎಂತ ಮುಳ್ಳು?”

“ಯಾವುದು? ಅದಾ, ಎಂಜಿನ್ ಎಷ್ಟು ಓಡ್ತಾ ಉಂಟು ಅಂತ ತೋರಿಸುದು.”

“ಗಾಡಿ ನಿಂತಿದೆಯಲ್ಲ?”

“ಗಾಡಿ ನಿಂತಿದೆ, ಎಂಜಿನ್ ಓಡ್ತಾ ಉಂಟು. ಇಲ್ಲದಿದ್ರೆ ಏಸಿ ಎಲ್ಲಿಂದ ಬರುದು?”

“ಹಾಗಾದ್ರೆ ನಿಂತಲ್ಲೂ ಕುಡಿಯುದಾ?”

“ಕುಡಿಯದೆ? ಒಲೆ ಉರಿದ ಹಾಗೆ. ಮೇಲೆ ಪಾತ್ರೆ ಇದ್ರೂ ಇಲ್ಲದಿದ್ರೂ ಗ್ಯಾಸ್ ಹೋಗ್ತದಲ್ಲ.”

ಸಫಿಯಮ್ಮ ಸೀಟಿನಲ್ಲಿ ನೆಟ್ಟಗೆ ಕೂತರು. ಅಡುಗೆಮನೆಯಲ್ಲಿ ಸಿಲಿಂಡರ್ ಹದಿನೈದು ದಿನ ಮೊದಲೇ ಮುಗಿದಾಗ ಅವರು ಕಳ್ಳನನ್ನು ಹುಡುಕಿದವರಲ್ಲ. ಸಣ್ಣ ಉರಿಯಲ್ಲಿ ಹಾಲಿಟ್ಟು ಯಾರು ಮರೆಯುತ್ತಾರೆ ಎಂದು ಹುಡುಕಿದವರು.

“ಮತ್ತೆ ಆಫ್ ಮಾಡು ಮಾರಾಯ!”

ಸಂಕಪ್ಪ ನಕ್ಕ. “ಆಫ್ ಮಾಡಿದ್ರೆ ಎಂತ ಆಗ್ತದೆ ನಿಮಗೆ ನೆನಪಿಲ್ವಾ? ಕಬಕದ ಮನೆಯಲ್ಲಿ ನೀವು ಮಾತಾಡ್ತಾ ಇದ್ರಿ, ತುಂಬ ಹೊತ್ತಾಯ್ತು ಅಂತ ಆಫ್ ಮಾಡಿದೆ. ಶಬ್ದ ನಿಂತದ್ದೇ ಆ ಮನೆಯವರು, ‘ಹಾಂ, ಗಾಡಿ ಬಂದ್ ಮಾಡಿದ್ರು, ಹೋಗುದಿಲ್ಲ ಇವರು’ ಅಂತ ಒಳಗೆ ಕರ್ಕೊಂಡು ಹೋಗಿ ಊಟಕ್ಕೆ ಕೂರಿಸಿದ್ರು. ಆ ದಿನ ಬಾಕಿ ನಾಲ್ಕು ಮನೆ ತಪ್ಪಿತು. ಸಾಹುಕಾರ್ರು ನನಗೆ ಎಂತ ಹೇಳಿದ್ರು ಗೊತ್ತುಂಟಾ? ‘ನಾನು ಬರುದಾ ಅಂದ ಕೂಡ್ಲೇ ಸ್ಟಾರ್ಟ್ ಮಾಡ್ಬೇಕು, ಮತ್ತೆ ಆಫ್ ಮಾಡ್ಲಿಕ್ಕಿಲ್ಲ’ ಅಂತ. ಅವತ್ತಿನಿಂದ ಅದೇ ಕ್ರಮ.”

ಹೌದು, ಅದು ಅವರಿಗೂ ಗೊತ್ತಿದ್ದದ್ದೇ. ಗಾಡಿ ಸ್ಟಾರ್ಟ್ ಆಗುವುದು ಎಂದರೆ ಮೊದಲ ಗಂಟೆ ಹೊಡೆದ ಹಾಗೆ. ಅದಾಗದೆ ಯಾರೂ ಏಳುವುದಿಲ್ಲ, ಅದಾದ ಕೂಡಲೇ ಹೊರಡುವುದೂ ಇಲ್ಲ. ಹೊರಡುವ ಹೊತ್ತಿಗೇ ಅಲ್ಲವೇ ನಿಜವಾದ ಮಾತೆಲ್ಲ ನೆನಪಾಗುವುದು.

ಅಷ್ಟರಲ್ಲಿ ಸಾಹುಕಾರರು ಬಂದು ಹತ್ತಿದರು. “ಗಂಡಸರಿಗೆ ಇಷ್ಟು ಮಾತಾ!” ಎಂದು ಸಫಿಯಮ್ಮ ರೇಗಿದರು. ಫೌಝಿಯಾಳಿಗೆ ಹೇಳಿದರು, “ಮೋಳೆ, ಇನ್ನು ಪ್ರತಿ ಮನೆಯಲ್ಲಿ ಸ್ಟಾರ್ಟ್ ಆದದ್ದು ಎಷ್ಟಕ್ಕೆ, ಗಾಡಿ ಅಲ್ಲಾಡಿದ್ದು ಎಷ್ಟಕ್ಕೆ, ಫೋನಿನಲ್ಲಿ ಬರೆದಿಡು. ಇಲ್ಲಿಯವರೆಗಿನದ್ದು ಅಂದಾಜು ಬರಿ.”

ಕೊನೆಯ ಮನೆ ಕಲ್ಲುಗುಂಡಿಯಲ್ಲಿ, ಸಫಿಯಮ್ಮನ ಚಿಕ್ಕಮ್ಮನ ಮಗಳದ್ದು. ಅಲ್ಲಿ ಸಫಿಯಮ್ಮ ಕಾವಲು ಬಿಟ್ಟು ಒಳಗೆ ಹೋದರು. ಇನ್ನು ಕಾಯಲು ಏನಿದೆ? ಗಾಡಿಯ ಹತ್ತಿರ ಫೌಝಿಯಾ ಇದ್ದಾಳೆ. ನಾಲ್ಕು ಮಾತಾಡಿ, ಸಾಹುಕಾರರು ‘ಬರುದಾ’ ಎಂದ ಮೇಲೆ ಬೇಗ ಬೇಗ ಹೊರಟು ಬಂದೆ ಎಂದೇ ಅವರ ನಂಬಿಕೆ.

ದಾರಿಯಲ್ಲಿ ಫೌಝಿಯಾ ಓದಿ ಹೇಳಿದಳು: “ಆಲೆಟ್ಟಿಯಲ್ಲಿ ಮಾವನದ್ದು ಇಪ್ಪತ್ತೆರಡು ನಿಮಿಷ. ಕಲ್ಲುಗುಂಡಿಯಲ್ಲಿ... ಮಾಮಿ, ನಿಮ್ಮದು ನಲವತ್ತಮೂರು.”

“ಸುಳ್ಳು!”

“ಫೋನ್ ಸುಳ್ಳು ಹೇಳ್ತದಾ ಮಾಮಿ? ಮಾವ ಗಾಡಿಯಲ್ಲಿ ಕೂತು ಒಂದು ನಿದ್ದೆ ಮಾಡಿದ್ರು.”

ಹಿಂದಿನಿಂದ ಸಾಹುಕಾರರು ಕೆಮ್ಮಿದರು. ಬಾಯಿ ಬಿಟ್ಟು ಏನಾದರೂ ಹೇಳಿದ್ದರೆ ಸಫಿಯಮ್ಮನಿಗೆ ಹಗುರವಾಗುತ್ತಿತ್ತು. ಏಳೂ ಮನೆ ಸೇರಿ ಮೂರು ಗಂಟೆ ಹತ್ತು ನಿಮಿಷ ಗಾಡಿ ನಿಂತಲ್ಲೇ ಓಡಿತ್ತು.

ಸಂಜೆ ಐದಕ್ಕೆ ಆಲಂಕಾರಿನ ಪಂಪು ಸೇರಿದರು. ನೂರಮೂವತ್ತು ಕಿಲೋಮೀಟರ್. ಹದಿಮೂರರ ಲೆಕ್ಕದಲ್ಲಿ ಹತ್ತು ಲೀಟರ್ ಸಾಕಿತ್ತು. ಹಿಡಿದದ್ದು ಹದಿಮೂರೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ಅದೇ ಒಂಬತ್ತೂವರೆ. ಬೆಳಿಗ್ಗೆಯಿಂದ ಗಾಡಿ ಕಣ್ಣೆದುರೇ ಇತ್ತು. ಡೀಸೆಲ್ ಹಾಕಿದ್ದೂ ಕಣ್ಣೆದುರೇ.

“ಇನ್ನೊಂದು ನೋಡಿ ಬಿಡುವ,” ಎಂದರು ಸಫಿಯಮ್ಮ. “ಯತಿನ್, ಆಚೆ ಮೂಲೆಯಲ್ಲಿ ನಾವು ಒಂದು ಗಂಟೆ ಗಾಡಿ ಸ್ಟಾರ್ಟ್ ಇಟ್ಟು ಕೂರ್ತೇವೆ. ಅಡ್ಡಿ ಉಂಟಾ?”

ಯತಿನ್‌ಗೆ ತಲೆಬುಡ ಅರ್ಥವಾಗಲಿಲ್ಲ. “ಪಂಪಿನಿಂದ ದೂರ ರಸ್ತೆ ಬದಿಯಲ್ಲಿ ಇಡಿ ಸಫಿಯಮ್ಮ. ಎಂತಕ್ಕೆ?”

“ಗಾಡಿ ನಿಂತು ಎಷ್ಟು ಕುಡಿಯುತ್ತದೆ ನೋಡ್ಲಿಕ್ಕೆ.”

ಒಂದು ಗಂಟೆ ಗಾಡಿ ರಸ್ತೆ ಬದಿಯಲ್ಲಿ ಗುರುಗುಟ್ಟಿತು. ದಾರಿಯಲ್ಲಿ ಹೋಗುವವರು ಇಣುಕಿ, “ಕೆಟ್ಟಿತಾ ಸಾಹುಕಾರ್ರೆ?” ಎಂದು ಕೇಳಿ ಹೋದರು. ಸಾಹುಕಾರರು ಏಸಿಯಲ್ಲಿ ಗೊರಕೆ ಹೊಡೆದರು. ಗಂಟೆ ಮುಗಿದ ಮೇಲೆ ಪಂಪಿನ ಎದುರು ತಂದು ಮತ್ತೆ ಕುತ್ತಿಗೆವರೆಗೆ ತುಂಬಿಸಿದಾಗ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚೇ ಹಿಡಿಯಿತು. ಸಫಿಯಮ್ಮ ಬೆರಳು ಮಡಚಿದರು. ಮೂರು ಗಂಟೆಗೆ ಮೂರೂವರೆ ಲೀಟರ್. ಕಾಣೆಯಾದದ್ದು ಅಷ್ಟೇ. ಒಂದು ಹನಿ ಕೂಡ ಆಚೀಚೆ ಹೋಗಿರಲಿಲ್ಲ.

ಗೋಡಂಬಿಯ ಇಲಿ ಸಿಕ್ಕಿದ ದಿನ ಆದ ಖುಷಿಯೇ ಅವರಿಗೆ ಆಯಿತು. “ಸಿಕ್ಕಿತು ಸಂಕಪ್ಪ!” ಎಂದು ತಿರುಗಿದರು.

ಸಂಕಪ್ಪ ಗಾಡಿಯಿಂದ ಇಳಿದು ನಿಂತಿದ್ದ. ಅವನ ಮುಖದಲ್ಲಿ ನಗು ಇರಲಿಲ್ಲ. ಕೀ ಅವನ ಕೈಯಲ್ಲಿತ್ತು. ಅದನ್ನು ಅವರ ಎದುರು ಬಾನೆಟ್ಟಿನ ಮೇಲೆ ಇಟ್ಟ.

“ನನಗೂ ಸಿಕ್ಕಿತು ಸಫಿಯಮ್ಮ. ಸಾಹುಕಾರ್ರು ಪಂಪಿಗೆ ಬಂದು, ಸಂಕಪ್ಪ ಎಷ್ಟು ಹಾಕಿಸ್ತಾನೆ ಅಂತ ಕೇಳಿದ್ರಂತೆ. ಯತಿನ್ ಮೊನ್ನೆಯೇ ಹೇಳಿದ. ಈ ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಾಗಿ ಆಯ್ತು. ನೀವು ಮುಂದಿನ ಸೀಟಿನಲ್ಲಿ ಕೂತದ್ದು ತಲೆ ತಿರುಗಿ ಅಲ್ಲ ಅಂತ ನನಗೆ ಗೊತ್ತಾಗುದಿಲ್ವಾ? ಇವತ್ತು ಇದನ್ನು ನೋಡಿ ಮುಗಿಸುವ ಅಂತಲೇ ಬಂದದ್ದು. ನಾಳೆಯಿಂದ ಬೇರೆಯವರನ್ನು ನೋಡಿ.”

ಸಾಹುಕಾರರು ನಿದ್ದೆಯಿಂದ ಎದ್ದವರು ನೆಲ ನೋಡಿದರು. ಫೌಝಿಯಾ ಶಾಲಿನ ಅಂಚು ತಿರುಚಿದಳು. ಸಫಿಯಮ್ಮನಿಗೆ ಬಾಯಿಗೆ ಬಂದದ್ದು ‘ನಾನು ನಿನ್ನ ಪರವಾಗಿಯೇ ನೋಡಿದ್ದು’ ಎಂಬ ಮಾತು. ಅದು ಪೂರ್ತಿ ನಿಜವಲ್ಲ ಎಂದು ಅವರಿಗೇ ಗೊತ್ತಿತ್ತು. ಬುಧವಾರ ರಾತ್ರಿ ಗಂಡ ಹೇಳಿದಾಗ ಅವರೂ ಅಲ್ಲಾಡಿದ್ದರು.

ಫೌಝಿಯಾಳ ಕೈಯಿಂದ ಫೋನ್ ತೆಗೆದುಕೊಂಡು ಅಲ್ಲೇ, ಪಂಪಿನ ಎದುರೇ, ಶಾರ್ಜಾಕ್ಕೆ ಹಚ್ಚಿಸಿದರು. ಸ್ಪೀಕರ್ ಹಾಕಿಸಿದರು. ಗಾಳಿ ಹಾಕಿಸಲು ಬಂದ ರಿಕ್ಷಾದವರು ಇಬ್ಬರೂ ಕಿವಿ ಕೊಟ್ಟರು.

“ಮುಸ್ತಫಾ, ಡೀಸೆಲ್ ಕಳ್ಳ ಸಿಕ್ಕಿದ.”

“ನಾನು ಹೇಳಿದ್ದಲ್ವಾ ಉಮ್ಮ! ಎಂತ ಹೇಳಿದ ಅವನು?”

“ಅವನಲ್ಲ, ಅವಳು. ನಾನು. ನಿನ್ನ ಉಪ್ಪನೂ ಸ್ವಲ್ಪ ಉಂಟು, ಆದ್ರೆ ದೊಡ್ಡ ಕಳ್ಳಿ ನಾನೇ. ಗಾಡಿ ಸ್ಟಾರ್ಟ್ ಇಟ್ಟುಕೊಂಡು ನಿನ್ನ ಉಮ್ಮ ದಿನಾ ಮೂರು ಗಂಟೆ ಮಾತಾಡಿದ್ದಾಳೆ. ಸಂಕಪ್ಪ ಒಂದು ತೊಟ್ಟು ಮುಟ್ಟಿಲ್ಲ. ಅವನ ಮೇಲೆ ಸಂಶಯಪಟ್ಟದ್ದು ನೀನು, ಬಾಯಿ ಮುಚ್ಚಿ ಕೂತದ್ದು ನಾವು. ಅವನು ಇಲ್ಲೇ ಇದ್ದಾನೆ, ಮಾತಾಡು.”

ಶಾರ್ಜಾದಿಂದ ಸಣ್ಣ ದನಿ ಬಂತು: “ಸಂಕಪ್ಪಣ್ಣ... ತಪ್ಪಾಯ್ತು. ಶಾನವಾಝ್‌ನನ್ನು ಬೇಡ ಅಂತ ಹೇಳ್ತೇನೆ.”

ಸಂಕಪ್ಪ ಫೋನಿನಿಂದ ಮುಖ ತಿರುಗಿಸಿದ. “ಊರು ಕೇಳಿ ಆಗಿದೆ ಸಫಿಯಮ್ಮ,” ಎಂದ. “ಕಳ್ಳ ಅಂದದ್ದು ಹತ್ತು ಜನ ಕೇಳಿದ್ರೆ, ಅಲ್ಲ ಅಂದದ್ದು ಎರಡು ಜನ ಕೇಳುದು.”

ಅದೂ ಸರಿಯೇ. ಸಫಿಯಮ್ಮ ಸೊಸೆಯ ಕಡೆ ತಿರುಗಿದರು. “ಇನ್ನು ಹೇಳ್ಲಿಕ್ಕಿರುದು ಎಷ್ಟು ಮನೆ ಫೌಝಿಯಾ?”

“ಐವತ್ತು ಚಿಲ್ಲರೆ ಮಾಮಿ.”

“ಐವತ್ತು ಮನೆಯಲ್ಲೂ ಮದುವೆ ಸುದ್ದಿಗಿಂತ ಮೊದಲು ಇದನ್ನು ಹೇಳ್ತೇನೆ ಸಂಕಪ್ಪ. ನನ್ನ ಬಾಯಿಂದ ಹೊರಟದ್ದು ಎಷ್ಟು ದೂರ ಹೋಗ್ತದೆ ನಿನಗೆ ಗೊತ್ತುಂಟಲ್ಲ. ಐವತ್ತು ಮನೆ ಮುಗಿಯುವವರೆಗೆ ಬಾ. ಆಮೇಲೂ ನಿನಗೆ ಸಾಕು ಅಂತ ಕಂಡ್ರೆ, ನಾನು ತಡೆಯುದಿಲ್ಲ.”

ಸಂಕಪ್ಪ ಬಾನೆಟ್ಟಿನ ಕೀ ನೋಡಿದ. ಯತಿನ್ ಮೆಲ್ಲಗೆ, “ಹೋಗಿ ಸಂಕಪ್ಪಣ್ಣ, ಅವರ ಬಾಯಿಯ ಮೈಲೇಜ್ ಒಳ್ಳೆಯದುಂಟು,” ಎಂದ. ರಿಕ್ಷಾದವರು ನಕ್ಕರು. ಸಂಕಪ್ಪ ನಗಲಿಲ್ಲ, ಆದರೆ ಕೀ ತೆಗೆದುಕೊಂಡ.

ಸೋಮವಾರದಿಂದ ಸಫಿಯಮ್ಮ ಹೇಳಿದಂತೆಯೇ ಮಾಡಿದರು. ಗಾಡಿ ಅಂಗಳದಲ್ಲಿ ಆಫ್ ಆಗಿ ನಿಂತಿರುತ್ತಿತ್ತು. ಇವರು ಕೂತದ್ದೇ, “ನಮ್ಮ ಗಾಡಿಯ ಡೀಸೆಲ್ ಕದ್ದದ್ದು ಯಾರು ಗೊತ್ತುಂಟಾ?” ಎಂದು ಶುರು ಮಾಡುತ್ತಿದ್ದರು. ಸೊನ್ನೆಯಲ್ಲಿ ಮಲಗಿದ ಮುಳ್ಳು, ಎದ್ದು ನಿಂತ ಮುಳ್ಳು, ಸಾಹುಕಾರರ ಗೊರಕೆ, ತಮ್ಮ ನಲವತ್ತಮೂರು ನಿಮಿಷ, ಒಂದನ್ನೂ ಬಿಡುತ್ತಿರಲಿಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು. ಹೊರಗೆ ಬಂದು ಸಂಕಪ್ಪನಿಗೆ, “ಪಾಪ ಮಾರಾಯ, ನಿನ್ನನ್ನು ಹಿಡಿಯಲು ಹೋಗಿ ಇವರೇ ಸಿಕ್ಕಿಬಿದ್ರಲ್ಲ!” ಎಂದು ಎರಡನೇ ಚಾ ಕೊಡುತ್ತಿದ್ದರು. ಮೂರನೇ ದಿನಕ್ಕೆ ಕತೆ ಇವರಿಗಿಂತ ಮುಂದೆ ಓಡತೊಡಗಿತು. ಬಾಗಿಲಲ್ಲೇ, “ಡೀಸೆಲ್ ಕಳ್ಳಿ ಬಂದ್ರು!” ಎಂಬ ಸ್ವಾಗತ ಸಿಗುತ್ತಿತ್ತು.

ಇನ್ನೊಂದು ಆದದ್ದನ್ನು ಸಫಿಯಮ್ಮ ಲೆಕ್ಕ ಹಾಕಿರಲಿಲ್ಲ. ಕಡಬದಲ್ಲಿ ಶಹನಾ ಎಂಬವಳ ಮನೆ. ಹೇಳಿ ಮುಗಿಸಿ ಎಲ್ಲರೂ ಹತ್ತಿ ಕೂತರು, ಸಂಕಪ್ಪ ಸ್ಟಾರ್ಟ್ ಮಾಡಿದ. ಸಫಿಯಮ್ಮನಿಗೆ ಒಂದು ಮಾತು ನೆನಪಾಗಿ ಗಾಜು ಇಳಿಸಿದರು: “ಶಹನಾ, ನಿನ್ನ ಅತ್ತೆಯ ಮೊಣಕಾಲು...”

“ಅಯ್ಯೋ ಸಫಿಯಮ್ಮ, ಡೀಸೆಲ್!” ಎಂದು ಶಹನಾ ಕಿರುಚಿದಳು. “ಗಾಜು ಹಾಕಿ, ಹೋಗಿ ಹೋಗಿ. ಎಂತ ಇದ್ರೂ ಮದುವೆ ದಿನ ಮಾತಾಡುವ!” ಹೊರಗಿನಿಂದ ಗಾಡಿಯ ಬಾಗಿಲಿಗೆ ಎರಡು ಪೆಟ್ಟು ಹಾಕಿ, ದನ ಅಟ್ಟುವ ಹಾಗೆ ಅಟ್ಟಿದಳು.

ಗಾಡಿ ರಸ್ತೆಗೆ ಬಂತು. ಸಫಿಯಮ್ಮನ ಬಾಯಿ ಅರ್ಧ ತೆರೆದೇ ಇತ್ತು. ಹಿಂದೆ ಸಾಹುಕಾರರೂ ಫೌಝಿಯಾಳೂ ನಗು ತಡೆಯಲಾರದೆ ಒದ್ದಾಡುತ್ತಿದ್ದರು.

“ಎಂತ ಸಫಿಯಮ್ಮ, ಆ ಮೊಣಕಾಲಿನದ್ದು?” ಎಂದು ಸಂಕಪ್ಪ ಕೇಳಿದ.

“ಎಂತ ಇಲ್ಲ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿದ್ರಲ್ಲ, ಅದರ ದೊಡ್ಡ ಕತೆ. ಇನ್ನು ಯಾರಿಗೆ ಹೇಳುದು?”

“ನನಗೆ ಹೇಳಿ,” ಎಂದ ಅವನು, ಗೇರು ಬದಲಿಸುತ್ತಾ. “ಗಾಡಿ ಓಡ್ತಾ ಉಂಟಲ್ಲ.”